ಅಂಗಳಕ್ಕೆ ಬಂದ ಶಾಲೆ: ತಾರಾಬಾಯಿ ಮೋಡಕ್

1892ರಲ್ಲಿ ಮುಂಬಯಿಯಲ್ಲಿ ಜನಿಸಿದ ತಾರಾಬಾಯಿ ಮೋಡಕ್ ಅವರು ರಾಜಕೋಟೆಯ ಮಹಿಳಾ ಕಾಲೇಜಿನ ಪ್ರಾಂಶುಪಾಲ ಪದವಿಯನ್ನು ತೊರೆದು, ಭಾವನಗರದ ಗಿಜುಭಾಯಿ ಬಧೇಕಾ ಅವರೊಡನೆ ಶಿಶುಶಿಕ್ಷಣಕ್ಕೆ ತಮ್ಮನ್ನು ಅರ್ಪಿಸಿಕೊಂಡರು. 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮೀಣ ಬಾಲಶಿಕ್ಷಣ ಕೇಂದ್ರವನ್ನು ತೆರೆದರು. 1957ರಲ್ಲಿ ಅದು ಆದಿವಾಸಿಗಳ ನೆಲೆಯಾದ ಕೋಸಬಾಡಕ್ಕೆ ಸ್ಥಳಾಂತರಗೊಂಡಿತು. ಮನೆಯ ಕೂಸುಗಳನ್ನು ನೋಡಿಕೊಳ್ಳುವ, ದನ ಕಾಯುವ ಮಕ್ಕಳು ಶಾಲೆಗೆ ಬರಲಾರರೆಂಬುದನ್ನು ಮನಗಂಡು, ಶಾಲೆಯೇ ಅವರಿದ್ದಲ್ಲಿಗೆ ಹೋಗಬೇಕೆಂದು ನಿಶ್ಚಯಿಸಿದರು. ಸಹೋದ್ಯೋಗಿ ಅನುತಾಯಿ ವಾಘ್ ಅವರೊಡಗೂಡಿ ಹಾಡಿಯ ಅಂಗಳಕ್ಕೂ ಹುಲ್ಲುಗಾವಲಿಗೂ ಪಾಠವನ್ನು ಕೊಂಡೊಯ್ದರು. ಶಿಶುವಿಹಾರ, ಬಾಲವಾಡಿ, ಪ್ರಾಥಮಿಕ ಶಾಲೆಗಳನ್ನು ‘ವಿಕಾಸವಾಡಿ’ಯೆಂಬ ಒಂದೇ ಸೂರಿನಡಿ ತಂದರು. 1973ರಲ್ಲಿ ಅವರು ನಿಧನರಾದರು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೂಲಕ ಕನ್ನಡ ನಾಡಿನ ಹಳ್ಳಿಗಳಿಗೂ ಬಂದ ‘ಅಂಗನವಾಡಿ’ಯ ಹೆಸರಿನಲ್ಲಿ ಆ ಅಂಗಳ ಇಂದಿಗೂ ಉಳಿದಿದೆ.