ಗಂಗ ಮಾರಸಿಂಹನ ಅಂತ್ಯವ್ರತ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಕೂಗೆ ಬ್ರಹ್ಮದೇವರ ಕಂಬದಲ್ಲಿ ಗಂಗವಂಶದ ಇಮ್ಮಡಿ ಮಾರಸಿಂಹನ ಚರಿತ್ರೆಯನ್ನು ಕೆತ್ತಲಾಗಿದೆ. 949ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಇಮ್ಮಡಿ ಬೂತುಗನೇ ಈತನ ತಂದೆ.

ಅಂದಿನ ಲೋಕವು ಅರಸನ ಪೌರುಷವನ್ನು ತೋಳ್ಬಲದಿಂದಲೇ ಅಳೆಯುತ್ತಿತ್ತು. ಸುಮಾರು 963ರಲ್ಲಿ ಪಟ್ಟವೇರಿದ ಮಾರಸಿಂಹನು ಆ ಅಳತೆಯಲ್ಲಿ ಯಾರಿಗೂ ಕಡಿಮೆಯಾಗಿರಲಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ಬಲಗೈಯಾಗಿ ನಿಂತನು. ಉಚ್ಚಂಗಿಯ ಕೋಟೆಯನ್ನು ಗೆದ್ದನು. ನೊಳಂಬರನ್ನು ಮುರಿದು ನೊಳಂಬಕುಲಾಂತಕನೆನಿಸಿದನು. ಗಂಗಸಿಂಹ, ಗಂಗವಜ್ರ ಮೊದಲಾದ ಬಿರುದುಗಳು ಆತನ ಹೆಸರಿನ ಸುತ್ತಲೂ ನೆರೆದವು. ಅನೇಕ ಸ್ಥಳಗಳಲ್ಲಿ ಬಸದಿಗಳನ್ನೂ ಮಾನಸ್ತಂಭಗಳನ್ನೂ ಮಾಡಿಸಿದನು.

973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಸಿಂಹಾಸನವನ್ನು ಕಸಿದುಕೊಂಡನು. ತನ್ನ ಸೋದರಳಿಯನೂ ಕೃಷ್ಣನ ಮೊಮ್ಮಗನೂ ಆದ ನಾಲ್ವಡಿ ಇಂದ್ರನಿಗೆ ಪಟ್ಟ ಕಟ್ಟಿ ಆ ವಂಶವನ್ನುಳಿಸಲು ಮಾರಸಿಂಹನು ಯತ್ನಿಸಿದನಾದರೂ ಅದು ಫಲಿಸಲಿಲ್ಲ. ಬಳಿಕ ರಾಜ್ಯವನ್ನು ತ್ಯಜಿಸಿ, 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನಾಚರಿಸಿ ಸಮಾಧಿಯನ್ನು ಹೊಂದಿದನು.

ಸೋತ ಅರಸನು ಅಪಮಾನಕ್ಕಂಜಿ ಪ್ರಾಣ ಬಿಟ್ಟನೆಂದು ಹೇಳುವವರಿರಬಹುದು. ಆದರೆ ಕಾಯದೊಡನೆ ಕಷಾಯಗಳನ್ನೂ ಕೃಶಗೊಳಿಸುವುದೇ ಸಲ್ಲೇಖನ. ಬದುಕಿನ ಆಸೆಯಂತೆಯೇ ಸಾವಿನ ಆಸೆಯೂ ಅದಕ್ಕೆ ಅತಿಚಾರ. ಮಿತ್ರರ ಮೇಲಣ ಮೋಹ, ಹಿಂದಿನ ಸುಖದ ಸ್ಮರಣೆ, ಮುಂದಿನ ಭೋಗದ ನಿದಾನ ಇವೂ ವ್ರತವನ್ನು ಕೆಡಿಸುವುವು. ಕಳೆದ ಸಿಂಹಾಸನಕ್ಕಾಗಿ ಮರುಗುತ್ತ ಕುಳಿತರೆ ಅದು ಬರಿಯ ಲಂಘನವಾದೀತು, ವ್ರತವಾಗದು. ಆದುದರಿಂದಲೇ ಈ ವ್ರತಕ್ಕೆ ಗುರುಸನ್ನಿಧಿ ಬೇಕು. ಶತ್ರುವಿನ ಮುಂದೆ ತಲೆ ಬಾಗದ ವೀರನು ಗುರುವಿನ ಮುಂದೆ ಬಾಗಿದನು. ಇದಿರಾಳಿಲ್ಲದ ಆ ಮೂರು ದಿನಗಳ ಕಾಳಗದಲ್ಲಿ ಖಡ್ಗವೂ ಬಿರುದೂ ನೆರವಿಗೆ ಬರುವಂತಿರಲಿಲ್ಲ.

ಅದೇ ಅಜಿತಸೇನರ ಶಿಷ್ಯನೂ ಮಾರಸಿಂಹನ ಮಂತ್ರಿಯೂ ಆಗಿದ್ದ ಚಾವುಂಡರಾಯನು ಮುಂದೆ, ಸುಮಾರು 981ರಲ್ಲಿ, ದೊಡ್ಡಬೆಟ್ಟದ ಮೇಲೆ ಬಾಹುಬಲಿಯ ಬಿಂಬವನ್ನು ನಿಲ್ಲಿಸಿದನು. ಅದು ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟವನ ಮೂರ್ತಿ. 982ರಲ್ಲಿ ಇಂದ್ರನೂ ಬೆಳಗೊಳದಲ್ಲಿಯೇ ಸಲ್ಲೇಖನದಿಂದ ಮುಡಿಪಿದನು.

ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವ ಶ್ರಾವಕ ಶ್ರಾವಿಕೆಯರಿಗೂ ಮಾರಸಿಂಹನ ಚರಿತ್ರೆಯು ಒಂದು ಪಾಠ. ಊಟ ಬಿಟ್ಟ ದಿನ ಕೋಪವನ್ನೂ ಬಿಟ್ಟೆವೇ, ಮಾನವನ್ನೂ ಇಳಿಸಿದೆವೇ ಎಂದು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ವ್ರತದ ಬೆಲೆ ಆ ಉತ್ತರದಲ್ಲಿದೆ.