ಲೆಕ್ಕ ಬರೆಯುತ್ತಿದ್ದವನ ಗೂಡ್ಸ್ ಗಾಡಿ

ನಮ್ಮ ಬೇಗೂರಿಗೆ ರೈಲು ಇಲ್ಲ. ಗುಂಡ್ಲುಪೇಟೆ ತಾಲ್ಲೂಕಿಗೇ ಹಳಿ ಬಂದಿಲ್ಲ. ರೈಲು ನೋಡಬೇಕೆಂದರೆ ಒಂದೋ ನಂಜನಗೂಡಿಗೆ ಹೋಗಬೇಕು, ಇಲ್ಲವೇ ಚಾಮರಾಜನಗರಕ್ಕೆ. ಹಾಗಿದ್ದರೂ ನನ್ನ ಓದುವ ಮೇಜಿನ ಮೇಲೆ ಎಂಟು ಗೂಡ್ಸ್ ವ್ಯಾಗನ್‌ಗಳು ಸಾಲಾಗಿ ನಿಂತಿವೆ. ಹಳೆಯ ಲಗ್ನಪತ್ರಿಕೆಗಳ ರಟ್ಟು, ಸುಟ್ಟ ಮೋಟಾರಿನ ತಾಮ್ರದ ತಂತಿ, ಊದುಬತ್ತಿ ಕಡ್ಡಿ, ಗುಂಡುಸೂಜಿ, ಇವಿಷ್ಟೇ ಅವುಗಳ ಸಾಮಗ್ರಿ. ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಬೆಳಿಗ್ಗೆ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ, ಮಧ್ಯಾಹ್ನದ ಮೇಲೆ ರೈಲ್ವೆ ನೇಮಕಾತಿ ಪರೀಕ್ಷೆಗೆ ಓದುತ್ತೇನೆ. ಗೂಡ್ಸ್ ಟ್ರೇನ್ ಮ್ಯಾನೇಜರ್ ಆಗಬೇಕೆಂಬುದು ಆಸೆ. ರಾತ್ರಿ ವ್ಯಾಗನ್ ಕಟ್ಟುತ್ತೇನೆ. ಕೆಲಸ ಸಿಗದ ಹುಡುಗನಿಗೆ ಆಟಿಕೆ ಏಕೆ ಎಂದು ಬೀದಿಯಲ್ಲಿ ಕೇಳುವವರು ಇದ್ದಾರೆ. ಅವರಿಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಬ್ಬ ಇಂಗ್ಲಿಷ್ ಗುಮಾಸ್ತನ ಬದುಕು. ಅವನ ಹೆಸರು ಫ್ರಾಂಕ್ ಹಾರ್ನ್‌ಬಿ. ಆಟಿಕೆ ರೈಲಿನ ಲೋಕದಲ್ಲಿ ಇವತ್ತಿಗೂ ಆ ಹೆಸರಿಗೆ ಬೆಲೆಯಿದೆ.

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ದಿನಸಿ ವ್ಯಾಪಾರಿ. ಹುಡುಗನಿಗೆ ಶಾಲೆ ಅಷ್ಟಾಗಿ ಹಿಡಿಸಲಿಲ್ಲ. 16ನೇ ವಯಸ್ಸಿಗೆ ಓದು ಬಿಟ್ಟು ತಂದೆಯ ಅಂಗಡಿಯಲ್ಲೇ ಕ್ಯಾಷಿಯರ್ ಆಗಿ ಕುಳಿತ. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಯಾವ ಕಾರ್ಖಾನೆಯಲ್ಲೂ ಕೆಲಸ ಕಲಿತವನಲ್ಲ. ಸ್ವಂತ ಶ್ರಮದಿಂದ ಮೇಲೆ ಬಂದ ಸಂಶೋಧಕರ ಕತೆಗಳನ್ನು ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ ಪುಸ್ತಕದಲ್ಲಿ ಓದಿದ್ದ, ಬಿಡುವಿನಲ್ಲಿ ಮನೆಯಲ್ಲಿ ಕೈಗೆ ಸಿಕ್ಕ ಉಪಕರಣಗಳಿಂದ ಏನನ್ನಾದರೂ ಮಾಡುತ್ತಿದ್ದ. 1887ರಲ್ಲಿ ಕ್ಲಾರಾ ಎಂಬ ಶಾಲಾ ಶಿಕ್ಷಕಿಯನ್ನು ಮದುವೆಯಾದ. ರೋಲ್ಯಾಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು.

1899ರಲ್ಲಿ ತಂದೆ ತೀರಿಕೊಂಡರು, ಅಂಗಡಿ ಮುಚ್ಚಿತು. ಆಗ ಹಾರ್ನ್‌ಬಿಗೆ ಸುಮಾರು 36 ವರ್ಷ. ಸರ್ಕಾರಿ ಕೆಲಸಗಳ ವಯೋಮಿತಿ ದಾಟುತ್ತಿದೆ ಎಂದು ನಾವು ದಿನ ಎಣಿಸುವ ವಯಸ್ಸು ಅದು. ಡೇವಿಡ್ ಎಲಿಯಟ್ ಎಂಬ ಮಾಂಸ ಆಮದುದಾರನ ಬಳಿ ಅವನು ಲೆಕ್ಕ ಬರೆಯುವ ಗುಮಾಸ್ತನಾಗಿ ಸೇರಿದ. ಹೆಂಡತಿ, ಮಕ್ಕಳು, ತಿಂಗಳ ಸಂಬಳ, ಲೆಡ್ಜರ್ ಪುಸ್ತಕ. ಇದರಾಚೆ ಏನಾದರೂ ನಡೆದೀತು ಎಂದು ನಂಬಲು ಕಾರಣವೇ ಇರಲಿಲ್ಲ.

ಆದರೆ ಸಂಜೆ ಮನೆಗೆ ಬಂದ ಮೇಲೆ ಅವನು ಮಕ್ಕಳಿಗಾಗಿ ಲೋಹದ ತಗಡು ಕತ್ತರಿಸಿ ಸೇತುವೆ, ಕ್ರೇನು ಮಾಡಿಕೊಡುತ್ತಿದ್ದ. ಒಂದು ಆಟಿಕೆ ಮಾಡಲು ಕತ್ತರಿಸಿದ ತುಂಡು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಪ್ರತಿ ಸಲವೂ ಹೊಸದಾಗಿ ಕತ್ತರಿಸಬೇಕು. ಇದಕ್ಕೊಂದು ದಾರಿ ಹೊಳೆದದ್ದು ರೈಲು ಪ್ರಯಾಣದಲ್ಲಿ ಎಂದು ಅವನೇ ಮುಂದೆ ಬರೆದುಕೊಂಡಿದ್ದಾನೆ. ಕಿಟಕಿಯಾಚೆ ಗೂಡ್ಸ್ ವ್ಯಾಗನ್‌ಗಳ ನಡುವೆ ಒಂದು ಪುಟ್ಟ ಕ್ರೇನು ನಿಂತಿತ್ತು. ಅದನ್ನು ತಗಡಿನಲ್ಲಿ ಹೇಗೆ ಮಾಡುವುದು ಎಂದು ಯೋಚಿಸುತ್ತಾ ಹೋದವನಿಗೆ ಒಂದೇ ಅಳತೆಯ ಪಟ್ಟಿಗಳು, ಒಂದೇ ಅಂತರದ ರಂಧ್ರಗಳು, ಒಂದೇ ಬಗೆಯ ನಟ್ಟು-ಬೋಲ್ಟುಗಳು ಸಾಕು ಎಂಬುದು ಅರಿವಾಯಿತು. ಪಟ್ಟಿಯ ಅಗಲ ಅರ್ಧ ಇಂಚು, ರಂಧ್ರದಿಂದ ರಂಧ್ರಕ್ಕೆ ಅರ್ಧ ಇಂಚು. ಇವತ್ತು ಸೇತುವೆ ಕಟ್ಟಿದ ಪಟ್ಟಿಯನ್ನೇ ಬಿಚ್ಚಿ ನಾಳೆ ಕ್ರೇನು ಕಟ್ಟಬಹುದು. ನಮ್ಮಲ್ಲಿ ಮೆಕ್ಯಾನಿಕ್ಸ್ ಎಂಬ ಹೆಸರಿನ ಡಬ್ಬಿಯಲ್ಲಿ ಸಿಗುವ ರಂಧ್ರದ ಪಟ್ಟಿಗಳನ್ನು ಬಾಲ್ಯದಲ್ಲಿ ಜೋಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಅದರ ಹಿಂದಿರುವುದು ಈ ಗುಮಾಸ್ತನ ತಲೆಯೇ.

ಪೇಟೆಂಟ್ ಮಾಡಿಸಲು ಅವನ ಕೈಯಲ್ಲಿ ಹಣವಿರಲಿಲ್ಲ. ತನ್ನ ಮಾಲೀಕ ಎಲಿಯಟ್‌ನಿಂದ 5 ಪೌಂಡ್ ಸಾಲ ಪಡೆದು 1901ರ ಜನವರಿಯಲ್ಲಿ ಅರ್ಜಿ ಹಾಕಿದ. ಮಾಲೀಕ ಸಾಲ ಕೊಟ್ಟು ಸುಮ್ಮನಾಗಲಿಲ್ಲ, ಕಚೇರಿಯ ಪಕ್ಕದಲ್ಲೇ ಕೆಲಸ ಮಾಡಲು ಜಾಗ ಕೊಟ್ಟ, ಪಾಲುದಾರನೂ ಆದ. 1902ರಲ್ಲಿ ಮೊದಲ ಡಬ್ಬಿಗಳು ಮಾರಾಟಕ್ಕೆ ಬಂದವು. ಒಂದು ಡಬ್ಬಿಯಲ್ಲಿ 16 ಬಗೆಯ ಬಿಡಿಭಾಗಗಳು, ಜೊತೆಗೆ 12 ಮಾದರಿಗಳನ್ನು ಕಟ್ಟುವುದು ಹೇಗೆಂಬ ಒಂದು ಕರಪತ್ರ. ಮೊದಲ ಕೆಲವು ವರ್ಷ ಲಾಭದ ಮುಖ ಕಾಣಲಿಲ್ಲ. ಲಿವರ್‌ಪೂಲಿನ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೀಲ್-ಷಾ ಇದು ಮಕ್ಕಳಿಗೆ ಯಂತ್ರಶಾಸ್ತ್ರ ಕಲಿಸುವ ಸಾಧನ ಎಂದು ಶಿಫಾರಸು ಮಾಡಿದ್ದು ದೊಡ್ಡ ಬಲವಾಯಿತು. 1907ರಲ್ಲಿ ಮೆಕಾನೋ ಎಂಬ ಹೆಸರು ನೋಂದಣಿಯಾಯಿತು, 1908ರಲ್ಲಿ ಮೆಕಾನೋ ಲಿಮಿಟೆಡ್ ಕಂಪನಿ ಹುಟ್ಟಿತು. 1914ರಲ್ಲಿ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 1916ರಿಂದ ಮಕ್ಕಳಿಗಾಗಿ ಮೆಕಾನೋ ಮ್ಯಾಗಜೀನ್ ಹೊರಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಇಂಥ ಬದುಕುಗಳನ್ನು ನಮಗೆ ಹೇಳುವವರು ಹಟವೊಂದಿದ್ದರೆ ಸಾಕು ಎನ್ನುತ್ತಾರೆ. ಹಾರ್ನ್‌ಬಿಯ ಲೆಕ್ಕದ ಪುಸ್ತಕ ತೆರೆದರೆ ಬೇರೆಯದೇ ಕಾಣುತ್ತದೆ. ಹಟ ಒಂದು ಕಲಮು ಅಷ್ಟೆ. ಸಾಲ ಕೊಟ್ಟ ಮಾಲೀಕ, ಜಾಗ, ಶಿಫಾರಸು ಮಾಡಿದ ಪ್ರಾಧ್ಯಾಪಕ, ತಿಂಗಳ ಸಂಬಳ, ಇವೆಲ್ಲ ಉಳಿದ ಕಲಮುಗಳು. ಪೇಟೆಂಟ್ ಸಿಕ್ಕಿತೆಂದು ಅವನು ಮರುದಿನವೇ ಗುಮಾಸ್ತಗಿರಿ ಬಿಡಲಿಲ್ಲ. ಲೆಕ್ಕ ಬರೆಯುತ್ತಲೇ ಪಟ್ಟಿ ಕತ್ತರಿಸಿದ. ನನಗೆ ಅವನು ಹತ್ತಿರದವನಾಗುವುದು ಇದೇ ಕಾರಣಕ್ಕೆ.

ಇನ್ನು ರೈಲಿಗೆ ಬರೋಣ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಅಂಗಡಿಗಳಲ್ಲಿದ್ದ ಆಟಿಕೆ ರೈಲುಗಳಲ್ಲಿ ಬಹುಪಾಲು ಜರ್ಮನಿಯಿಂದ ಬಂದವು. ಯುದ್ಧ ಆ ದಾರಿಯನ್ನು ಮುಚ್ಚಿತು. 1920ರಲ್ಲಿ ಹಾರ್ನ್‌ಬಿ ತನ್ನ ರೈಲನ್ನು ಹೊರತಂದ. ಕೀಲಿ ಕೊಟ್ಟರೆ ಓಡುವ ಎಂಜಿನ್, ಅದರ ಹಿಂದೆ ಟೆಂಡರ್, ಅದರ ಹಿಂದೆ ಒಂದು ತೆರೆದ ಗೂಡ್ಸ್ ವ್ಯಾಗನ್. ಪ್ರಯಾಣಿಕರ ಬೋಗಿಯಲ್ಲ, ಗೂಡ್ಸ್ ವ್ಯಾಗನ್! ಅದನ್ನೂ ಮೆಕಾನೋ ಹಾಗೆ ನಟ್ಟು-ಬೋಲ್ಟಿನಿಂದ ಬಿಚ್ಚಿ ಜೋಡಿಸಬಹುದಿತ್ತು. ಹಳಿಯ ಅಗಲ 32 ಮಿಲಿಮೀಟರ್. ಮುಂದಿನ ವರ್ಷಗಳಲ್ಲಿ ಹಾಲಿನ ವ್ಯಾನು, ಮರದ ದಿಮ್ಮಿ ಹೊರುವ ವ್ಯಾಗನ್, ಶೆಲ್ ಪೆಟ್ರೋಲ್ ಟ್ಯಾಂಕರ್, ಕ್ಯಾಡ್ಬರಿ ಚಾಕೊಲೇಟಿನ ವ್ಯಾನು, ಕೋಲ್ಮನ್ ಸಾಸಿವೆಯ ವ್ಯಾನು ಹೀಗೆ ಒಂದೊಂದಾಗಿ ಸೇರಿದವು. ಬ್ರಿಟನ್ನಿನಲ್ಲಿ ಆಗ ವ್ಯಾಪಾರಿಗಳೂ ಗಣಿ ಮಾಲೀಕರೂ ಸ್ವಂತ ವ್ಯಾಗನ್ ಇಟ್ಟುಕೊಂಡು ಅದರ ಮೇಲೆ ತಮ್ಮ ಹೆಸರು ಬರೆಸುತ್ತಿದ್ದರು. ಒಂದು ಎಂಜಿನ್ ಇದ್ದ ಹುಡುಗ ಉಂಡಿಗೆಯಲ್ಲಿ ಕೂಡಿಟ್ಟ ಹಣದಿಂದ ಮತ್ತೊಂದು ವ್ಯಾಗನ್ ಕೊಳ್ಳಬಹುದಿತ್ತು. ಎಲ್ಲ ಕೊಂಡಿಗಳೂ ಒಂದಕ್ಕೊಂದು ಸೇರುತ್ತಿದ್ದವು. ರಂಧ್ರಗಳ ಪಟ್ಟಿಯಲ್ಲಿ ಕಂಡುಕೊಂಡ ಸೂತ್ರ ಇಲ್ಲೂ ಕೆಲಸ ಮಾಡಿತು. 1928ರಲ್ಲಿ ರೈಲು ಮಕ್ಕಳಿಗಾಗಿಯೇ ಹಾರ್ನ್‌ಬಿ ರೈಲ್ವೆ ಕಂಪನಿ ಎಂಬ ಸಂಘ ಶುರುವಾಯಿತು. ನಿಲ್ದಾಣದ ಪಕ್ಕ ಇಡಲೆಂದು ಮಾಡಿದ ಪುಟ್ಟ ಗೊಂಬೆ, ಕಾರುಗಳಿಂದ ಡಿಂಕಿ ಟಾಯ್ಸ್ ಬೆಳೆಯಿತು. 1934ರಲ್ಲಿ ಅದಕ್ಕೆ ಆ ಹೆಸರು ಬಂತು.

ಆದರೂ ಆ ಕಾಲದ ಹಾರ್ನ್‌ಬಿ ವ್ಯಾಗನ್‌ಗಳು ಅಳತೆಗೆ ನಿಖರವಾಗಿರಲಿಲ್ಲ. ತಗಡಿನ ಆಟಿಕೆಗಳು ಅವು, ಮನೆಯೊಳಗಿನ ತಿರುವುಗಳಲ್ಲಿ ಹಳಿ ತಪ್ಪದಿರಲೆಂದು ಗಿಡ್ಡವಾಗಿದ್ದವು. ನಿಜವಾದ ಗಾಡಿಯ ಅಳತೆಗೆ ಹತ್ತಿರ ಬಂದ ಹಾರ್ನ್‌ಬಿ ಡಬ್ಲೊ ಸರಣಿ ಬಂದದ್ದು 1938ರಲ್ಲಿ. ಅಷ್ಟರಲ್ಲಿ ಅವನು ಇರಲಿಲ್ಲ.

ನಿಖರತೆ ಎಂದರೇನು ಎಂಬುದು ಕೈಯಿಂದ ಮಾಡಿದಾಗಲೇ ಗೊತ್ತಾಗುವುದು. ನಾನು ಕಟ್ಟುವುದು ನಮ್ಮ ರೈಲ್ವೆಯ ಬಾಕ್ಸ್‌ಎನ್ ವ್ಯಾಗನ್, ಕಲ್ಲಿದ್ದಲು ತುಂಬಿ ಹೋಗುವ ತೆರೆದ ಡಬ್ಬಿ. ಕೊಂಡಿಯಿಂದ ಕೊಂಡಿಗೆ ಅದರ ಉದ್ದ 10,713 ಮಿಲಿಮೀಟರ್, ಎತ್ತರ 3,225, ಚಕ್ರದ ವ್ಯಾಸ 1,000. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆ ಎಚ್‌ಒ, ಅಂದರೆ 87ಕ್ಕೆ 1. ಎಲ್ಲವನ್ನೂ 87ರಿಂದ ಭಾಗಿಸಬೇಕು. ಉದ್ದ 123 ಮಿಲಿಮೀಟರ್, ಎತ್ತರ 37, ಚಕ್ರ ಹನ್ನೊಂದೂವರೆ. ಇಲ್ಲಿಯವರೆಗೆ ಸುಲಭ. ಹಳಿಯಲ್ಲಿ ಮಾತ್ರ ತೊಡಕು. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ವಿದೇಶದ ಸ್ಟ್ಯಾಂಡರ್ಡ್ ಗೇಜಿನ ಲೆಕ್ಕದ್ದು, 16.5 ಮಿಲಿಮೀಟರ್ ಮಾತ್ರ. ಸುಮಾರು 3 ಮಿಲಿಮೀಟರ್ ಕೊರತೆ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ, ಆದರೆ ಆ ಹಳಿಯ ಮೇಲೆ ನಿಲ್ಲಿಸಿದರೆ ನಮ್ಮ ಗಟ್ಟಿಮುಟ್ಟಾದ ವ್ಯಾಗನ್ ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಅದಕ್ಕೇ ನಾನು ಹಳಿಯನ್ನೂ ಅಳತೆಗೆ ತಕ್ಕಂತೆ ಕೈಯಲ್ಲೇ ಮಾಡಿಕೊಳ್ಳುತ್ತೇನೆ.

ಆಮೇಲೆ ಸಣ್ಣ ಕೆಲಸಗಳು. ರಟ್ಟಿನ ಹಿಂಬದಿಯಿಂದ ಇಂಕು ಮುಗಿದ ಬಾಲ್‌ಪೆನ್ ತುದಿಯಲ್ಲಿ ಒತ್ತಿದರೆ ಮುಂಬದಿಯಲ್ಲಿ ರಿವೆಟ್ ತಲೆ ಏಳುತ್ತದೆ. ತಾಮ್ರದ ತಂತಿ ಬ್ರೇಕ್ ಪೈಪ್ ಆಗುತ್ತದೆ. ತುಕ್ಕಿಗೆ ಇಟ್ಟಿಗೆ ಪುಡಿ, ಕಲ್ಲಿದ್ದಲ ಮಸಿಗೆ ಇದ್ದಿಲ ಪುಡಿ. ಕೊನೆಗೆ ವ್ಯಾಗನ್ ಮೈಮೇಲಿನ ಬರಹ. ವ್ಯಾಗನ್ ಸಂಖ್ಯೆಯಲ್ಲಿ 11 ಅಂಕಿಗಳಿರುತ್ತವೆ. ಮೊದಲೆರಡು ವ್ಯಾಗನ್ ಬಗೆ, ಮುಂದಿನೆರಡು ಯಾವ ವಲಯದ್ದು ಎಂಬುದು, ಮತ್ತೆರಡು ತಯಾರಾದ ವರ್ಷ, ಆಮೇಲಿನ ನಾಲ್ಕು ಅದರದ್ದೇ ಕ್ರಮಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಹೆಸರಿನಲ್ಲೂ ಅರ್ಥವಿದೆ. ಬಿಟಿಪಿಎನ್ ಎಂದರೆ ಬೋಗಿ, ಟ್ಯಾಂಕ್, ಪೆಟ್ರೋಲ್, ಕೊನೆಯ ಎನ್ ಏರ್ ಬ್ರೇಕಿನ ಗುರುತು. ಅರ್ಧ ಮಿಲಿಮೀಟರ್ ಅಕ್ಷರದಲ್ಲಿ ಇದನ್ನು ಬರೆಯುವವನು ಜನ್ಮದಲ್ಲಿ ಮರೆಯಲಾರ. ಹೀಗೆ ಕಲಿತದ್ದು ಪರೀಕ್ಷೆಗೆ ಬರುತ್ತದೋ ಇಲ್ಲವೋ, ಮುಂದೊಂದು ದಿನ ಗೂಡ್ಸ್ ಗಾಡಿಯ ಕೊನೆಯಲ್ಲಿ ನಿಲ್ಲುವ ಭಾಗ್ಯ ಬಂದರೆ ನನ್ನ ಮುಂದಿರುವುದು ಏನೆಂದು ನನಗೆ ಗೊತ್ತಿರುತ್ತದೆ.

ಆಟಿಕೆಯಿಂದ ಏನಾದೀತು ಎನ್ನುವವರಿಗೆ ಇನ್ನೊಂದು ಸಂಗತಿ. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಸ್ ಹಾರ್ಟ್ರೀ ಮತ್ತು ಆರ್ಥರ್ ಪೋರ್ಟರ್ ಕಠಿಣ ಗಣಿತ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದನ್ನು ಬಹುಪಾಲು ಮೆಕಾನೋ ಭಾಗಗಳಿಂದಲೇ ಕಟ್ಟಿದರು. ಕಂಪ್ಯೂಟರಿನ ಚರಿತ್ರೆ ಹೇಳುವವರು ಇಂಥ ಯಂತ್ರಗಳನ್ನು ಬಿಟ್ಟು ಹೋಗುವುದಿಲ್ಲ. ಮಾಂಸದ ಕಚೇರಿಯ ಪಕ್ಕದ ಕೋಣೆಯಲ್ಲಿ ಹುಟ್ಟಿದ ಅರ್ಧ ಇಂಚಿನ ರಂಧ್ರಗಳು ಅಲ್ಲಿಯವರೆಗೂ ಹೋದವು.

ಹಾರ್ನ್‌ಬಿ 1931ರಲ್ಲಿ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದಿಂದ ಕನ್ಸರ್ವೇಟಿವ್ ಪಕ್ಷದ ಸಂಸದನಾಗಿ ಗೆದ್ದು 1935ರವರೆಗೆ ಇದ್ದ. 1936ರ ಸೆಪ್ಟೆಂಬರ್ 21ರಂದು ತೀರಿಕೊಂಡ. ಸಮಾಧಿ ಲಿವರ್‌ಪೂಲ್ ಹತ್ತಿರದ ಮಾಗಲ್ ಊರಿನಲ್ಲಿದೆ. ಅವನ ಕಂಪನಿ ಅವನಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯಲ್ಲಿ ಸೋತು 1964ರಲ್ಲಿ ಮತ್ತೊಂದು ಕಂಪನಿಯ ಕೈಸೇರಿತು, 1979ರಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿ ದುಡಿಯುತ್ತಿದ್ದ ನೂರಾರು ಜನ ಕೆಲಸ ಕಳೆದುಕೊಂಡರು. ಹಾರ್ನ್‌ಬಿ ಎಂಬ ಹೆಸರು ಮಾತ್ರ ಇಂದಿಗೂ ಮಾದರಿ ರೈಲುಗಳ ಮೇಲೆ ಅಚ್ಚಾಗುತ್ತಿದೆ.

ಗೆಳೆಯರೇ, ಹಾರ್ನ್‌ಬಿ ಹಾಗೆ ನಾವೆಲ್ಲ ಕಾರ್ಖಾನೆ ಕಟ್ಟುತ್ತೇವೆ ಎಂದು ನಾನು ಹೇಳುತ್ತಿಲ್ಲ. ಅಷ್ಟು ದೊಡ್ಡ ಮಾತಿಗೆ ನನ್ನಲ್ಲಿ ಬಂಡವಾಳವೂ ಇಲ್ಲ. ಕೆಲಸಕ್ಕಾಗಿ ಕಾಯುವ ವರ್ಷಗಳು ಮನುಷ್ಯನನ್ನು ಒಳಗಿಂದ ಸವೆಸುತ್ತವೆ, ಇದು ನಿಮಗೂ ಗೊತ್ತು. ಫಲಿತಾಂಶ ಬರುವವರೆಗೆ ನಾವು ಯಾರೂ ಅಲ್ಲ ಅನ್ನಿಸುತ್ತದೆ. ದಿನಕ್ಕೊಂದು ಗಂಟೆ ಕೈಯಲ್ಲಿ ಏನಾದರೊಂದನ್ನು ಸರಿಯಾದ ಅಳತೆಗೆ ಮಾಡಿದರೆ ಆ ಗಂಟೆಯ ಫಲಿತಾಂಶ ಅಂದೇ ಕಣ್ಣ ಮುಂದಿರುತ್ತದೆ, ಯಾವ ಮಂಡಳಿಯೂ ಅದನ್ನು ಮುಂದೂಡಲಾರದು. ರೈಲೇ ಆಗಬೇಕೆಂದಿಲ್ಲ. ಎತ್ತಿನ ಗಾಡಿಯಾಗಲಿ, ಊರಿನ ದೇವಸ್ಥಾನವಾಗಲಿ, ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆಯಾಗಲಿ, ಅಳತೆ ತೆಗೆದುಕೊಂಡು ಶುರು ಮಾಡಿ. ಒಂದು ಸ್ಕೇಲು, ಒಂದು ಬ್ಲೇಡು, ಸ್ವಲ್ಪ ಗೋಂದು ಸಾಕು. ಲಗ್ನಪತ್ರಿಕೆಗಳಿಗಂತೂ ನಮ್ಮ ಕಡೆ ಬರವಿಲ್ಲ.