ಬೆಳ್ಳಿಯ ಚಮಚದಲ್ಲಿ ಉಳಿದ ಹೆಸರು

ಚಿಮ್ಮನಚೋಡದಂಥ ನಮ್ಮ ಊರುಗಳಲ್ಲಿ ಮದುವೆ ನಿಶ್ಚಯವಾದರೆ ಮನೆಮಂದಿ ಪತ್ತಾರನ ಅಂಗಡಿಗೆ ಹೋಗುವುದು ವಾಡಿಕೆ. ಆದರೆ ಕಾಲುಂಗುರ ಮಾಡಿದ ಕೈ ಯಾರದೆಂಬುದು ಒಂದು ತಲೆಮಾರಿನೊಳಗೆ ಮರೆತುಹೋಗುತ್ತದೆ. ಲಂಡನ್ನಿನ ಹಳೆಯ ಬೆಳ್ಳಿಯ ಚಮಚಗಳ ಸಂಗತಿ ಬೇರೆ. ಅವುಗಳ ಹಿಡಿಯ ಹಿಂಬದಿಯಲ್ಲಿ ಮಾಡಿದವರ ಮುದ್ರೆ ಇಂದಿಗೂ ಓದಸಿಗುತ್ತದೆ. ಅಂಥ ಮುದ್ರೆಗಳಲ್ಲಿ ಸಂಗ್ರಾಹಕರು ಅಕ್ಕರೆಯಿಂದ ಹುಡುಕುವ ಒಂದು ಮುದ್ರೆ ಹೆಸ್ಟರ್ ಬೇಟ್‌ಮನ್ ಎಂಬ ವಿಧವೆಯದು.

ಹೆಸ್ಟರ್ 1708ರಲ್ಲಿ ಹುಟ್ಟಿದಳು. ಓದುಬರಹದ ಭಾಗ್ಯ ಆಕೆಗೆ ಹೆಚ್ಚು ದೊರೆಯಲಿಲ್ಲ. ಚಿನ್ನದ ಸರ ಮಾಡುವ ಜಾನ್ ಬೇಟ್‌ಮನ್ನನ ಕೈಹಿಡಿದು, ಮಕ್ಕಳೊಂದಿಗಳಾದಳು. 1760ರಲ್ಲಿ ಗಂಡ ಕ್ಷಯರೋಗದಿಂದ ತೀರಿಕೊಂಡನು. ಆತ ಬಿಟ್ಟುಹೋದ ಆಸ್ತಿಯಲ್ಲಿ ಕಸುಬಿನ ಉಪಕರಣಗಳೂ ಇದ್ದವು. ಆಗ ಆಕೆಗೆ ಐವತ್ತು ದಾಟಿತ್ತು. ಅವನ್ನು ಮಾರಿ ಕುಳಿತು ಉಣ್ಣಬಹುದಿತ್ತು. ಆಕೆ ಹಾಗೆ ಮಾಡಲಿಲ್ಲ. 1761ರಲ್ಲಿ ಅಕ್ಕಸಾಲಿಗರ ಸಂಘದ ಭವನಕ್ಕೆ ಹೋಗಿ ಎಚ್, ಬಿ ಎಂಬ ಎರಡಕ್ಷರದ ಮುದ್ರೆಯನ್ನು ತನ್ನ ಹೆಸರಿನಲ್ಲಿ ದಾಖಲು ಮಾಡಿಸಿದಳು.

ಮೊದಮೊದಲು ಇತರ ಬೆಳ್ಳಿಗಾರರಿಗೆ ಮಾಡಿಕೊಟ್ಟ ಕೆಲಸವೇ ಹೆಚ್ಚು. ಆದಕಾರಣ ಆ ವರ್ಷಗಳ ಸಾಮಾನಿನ ಮೇಲೆ ಆಕೆಯ ಮುದ್ರೆ ಅಪರೂಪ. ದುಡಿಮೆ ಆಕೆಯದು, ಹೆಸರು ಪರರದು. ಕ್ರಮೇಣ ಚಮಚ, ಸಕ್ಕರೆಯ ಚಿಮಟ, ಚಹಾದ ಪಾತ್ರೆಗಳು ಆಕೆಯ ಹೆಸರಿನಲ್ಲೇ ಹೊರಬಂದವು. ಯಂತ್ರದಿಂದ ತೆಳುವಾಗಿಸಿದ ಬೆಳ್ಳಿಯ ತಗಡನ್ನು ಬಳಸಿದ್ದರಿಂದ ಬೆಲೆ ಇಳಿಯಿತು. ಮಧ್ಯಮವರ್ಗದವರ ಮನೆಗೂ ಬೆಳ್ಳಿ ಬಂತು. ಮಣಿ ಪೋಣಿಸಿದಂಥ ಅಂಚು ಆಕೆಯ ಕಾರ್ಖಾನೆಯ ಸಾಮಾನಿಗೆ ಶೋಭೆ ತಂದಿತು. 1790ರಲ್ಲಿ, ಎಂಬತ್ತು ದಾಟಿದ ಮೇಲೆ, ಆಕೆ ಕೆಲಸದಿಂದ ನಿವೃತ್ತಳಾದಳು, 1794ರಲ್ಲಿ ಕಾಲವಾದಳು. ಅಷ್ಟರಲ್ಲಿ ಮಗ ಜೊನಾಥನ್ 1791ರಲ್ಲಿ ತೀರಿಕೊಂಡಿದ್ದನು. ಅವನ ವಿಧವೆ ಆ್ಯನ್, ಅತ್ತೆಯಂತೆಯೇ ಎದೆಗೆಡದೆ, ಗಂಡನ ಸಹೋದರ ಪೀಟರನೊಡನೆ ಮುದ್ರೆ ದಾಖಲಿಸಿ ಕಸುಬು ನಡೆಸಿದಳು.

ಸಂಗ್ರಾಹಕರು ಹೆಸರೊಂದನ್ನೇ ನಂಬುವುದಿಲ್ಲ. ನಡೆಯುತ್ತಿರುವ ಸಿಂಹದ ಚಿಹ್ನೆಯಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಚಿರತೆಯ ತಲೆ ಲಂಡನ್ನಿನ ಗುರುತು. ಒಂದು ಅಕ್ಷರ ವರ್ಷವನ್ನು ತಿಳಿಸುತ್ತದೆ. 1784ರಿಂದ ಸುಂಕ ಸಂದಾಯವಾದುದಕ್ಕೆ ದೊರೆಯ ತಲೆ. ಡಜನು ಚಮಚಗಳ ಜೋಡಣೆಯಲ್ಲಿ ವರ್ಷದ ಅಕ್ಷರ ಬೇರೆಬೇರೆಯಾಗಿದ್ದರೆ, ಅದು ಅನಂತರ ಕೂಡಿಸಿದ ಜೋಡಣೆಯಾಗಿರುವ ಸಂಭವ ಹೆಚ್ಚು.

ಕುಲುಮೆಯ ಮುಂದೆ ಬೆಂದ ನಮ್ಮ ನಾಡಿನ ಎಷ್ಟೋ ತಾಯಂದಿರ ಹೆಸರು ಯಾವ ಒಡವೆಯ ಮೇಲೂ ಉಳಿದಿಲ್ಲ. ಹೆಸ್ಟರಳ ಕೈ ಅವರ ಕೈಗಿಂತ ಹೆಚ್ಚಿನದೆಂದು ಹೇಳಲಾಗದು. ಆಕೆ ತನ್ನ ಎರಡಕ್ಷರವನ್ನು ದಾಖಲು ಮಾಡಿಸಿದಳು, ವ್ಯತ್ಯಾಸ ಅಷ್ಟೇ. ಅಕ್ಷರ ಕಲಿತ ನಾವು ಇದನ್ನು ನೆನೆಯಬೇಕು.